ಎದುರು ಫ್ಲ್ಯಾಟಿನ ಸ್ಪ್ಯಾನಿಷ್

ಆಕೆ ನನಗೆ ಇಷ್ಟವಿರಲಿಲ್ಲ. ಆಕೆಗೂ ನಾನು ಇಷ್ಟವಿರಲಿಲ್ಲ. ಸುಮಾರು ಐದು ವರ್ಷ ಎದುರುಬದುರು ಬಾಗಿಲಿನಲ್ಲಿದ್ದೆವು. ಒಂದು ದಿನವೂ ಒಬ್ಬರ ಮನೆಯೊಳಗೆ ಇನ್ನೊಬ್ಬರು ಕಾಲಿಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಂಟಲು ಕೈಕೊಟ್ಟದ್ದರಿಂದ ಈ ಜೂನಿಗೆ ನಾನು ಶಾಲೆ ಬಿಡುತ್ತಿದ್ದೇನೆ ಎಂದು ಗೊತ್ತಾಗಿ, ಇಲ್ಲಿನ ನಮ್ಮ ಕನ್ನಡ ಬಳಗದವರು "ನಿಮ್ಮ ಮನಸ್ಸಿನಲ್ಲಿ ಉಳಿದ ಒಬ್ಬರ ಬಗ್ಗೆ ಸಂಚಿಕೆಗೆ ಬರೆದುಕೊಡಿ ಟೀಚರ್" ಎಂದರು. ಅವರ ಮನಸ್ಸಿನಲ್ಲಿದ್ದದ್ದು ಯಾರಾದರೂ ಪ್ರೀತಿಯ ವ್ಯಕ್ತಿ. ಇಪ್ಪತ್ತು ವರ್ಷ ಬಹರೈನಿನಲ್ಲಿ ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ್ದೇನೆ. ವರ್ಷದ ಕೊನೆಗೆ ಹೂವು ತಂದವರಿದ್ದಾರೆ, ಖರ್ಜೂರದ ಡಬ್ಬಿ ತಂದವರಿದ್ದಾರೆ, ಅತ್ತವರಿದ್ದಾರೆ. ಅವರ ಮುಖಗಳೆಲ್ಲ ಒಂದರೊಳಗೊಂದು ಕಲಸಿಹೋಗಿವೆ. ಬರೆಯಲು ಕುಳಿತರೆ ಎದುರು ಬಂದು ನಿಲ್ಲುವವಳು ಈಕೆಯೇ, ಗದ್ದ ಮೇಲೆತ್ತಿಕೊಂಡು.

ಹೆಸರು ಬರೆಯುವುದಿಲ್ಲ. ಆಕೆಯನ್ನು ಕೇಳದೆ ಬರೆಯುತ್ತಿದ್ದೇನೆ ಎಂಬುದು ಒಂದು ಕಾರಣ. ಇನ್ನೊಂದು, ಆ ಹೆಸರನ್ನು ನಾನು ಒಮ್ಮೆಯೂ ಸರಿಯಾಗಿ ಹೇಳಿದವಳಲ್ಲ. ನಡುವಿನ ಒಂದು ಅಕ್ಷರವನ್ನು ಗಂಟಲಿನಿಂದ ಎಳೆದು ತರಬೇಕಿತ್ತು. ಆಕೆ ಎರಡು ಸಲ ತಿದ್ದಿದಳು, ಮೂರನೆಯ ಸಲ ಬಿಟ್ಟುಬಿಟ್ಟಳು. ತಿದ್ದುವುದು ನನ್ನ ಕೆಲಸ; ತಿದ್ದಿಸಿಕೊಂಡು ಅಭ್ಯಾಸವಿರಲಿಲ್ಲ.

ಆಗ ನಾವಿದ್ದದ್ದು ಉಮ್ ಅಲ್ ಹಸ್ಸಮ್ ಬಡಾವಣೆಯ ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ. ನಾನು, ಏಸಿ ಕಂಪನಿಯಲ್ಲಿ ಕೆಲಸ ಮಾಡುವ ನನ್ನ ಗಂಡ, ಹತ್ತು ವರ್ಷದ ಮಗಳು ಶ್ರಾವ್ಯಾ. ಕಾರ್ಕಳದ ಕಡೆಯವರು, ಮನೆಮಾತು ತುಳು. ಮನೆಮಾತು ಎನ್ನುವುದು ಬರೀ ಹೆಸರಿಗೆ. ಶ್ರಾವ್ಯಾಳಿಗೆ ಬರುತ್ತಿದ್ದದ್ದು ಇಂಗ್ಲಿಷ್ ಒಂದೇ. ಎದುರು ಫ್ಲ್ಯಾಟಿಗೆ ಬಂದವರು ಕೊಲಂಬಿಯಾ ದೇಶದವರು, ಗಂಡ, ಹೆಂಡತಿ, ನಾಲ್ಕು ವರ್ಷದ ಒಬ್ಬಳು ಮಗಳು. ಗಂಡನಿಗೆ ಸಿತ್ರಾದ ಒಂದು ಕಾರ್ಖಾನೆಯಲ್ಲಿ ಪೈಪುಗಳ ಬೆಸುಗೆ ಪರೀಕ್ಷಿಸುವ ಕೆಲಸ. ಪಾಪದ ಮನುಷ್ಯ. ಬೆಳಗ್ಗೆ ಕಂಪನಿ ಬಸ್ಸಿಗೆ ಓಡುವಾಗಲೂ ಎದುರಾದವರಿಗೆ ತಲೆ ಬಾಗಿಸಿ ಹೋಗುತ್ತಿದ್ದ. ಹೆಂಡತಿ ಅದ್ಲಿಯಾದ ಒಂದು ವಿಲ್ಲಾದ ಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು.

ಗಿಡ್ಡ ಹೆಂಗಸು, ಅಗಲ ಭುಜ. ಯಾವ ಹೊತ್ತಿನಲ್ಲಿ ನೋಡಿದರೂ ಒದ್ದೆ ಕೂದಲು, ಕೊರಳಲ್ಲಿ ಸೀಟಿ. ಆಕೆ ಇಳಿದುಹೋದ ಮೇಲೂ ಲಿಫ್ಟಿನಲ್ಲಿ ಕ್ಲೋರಿನ್ ವಾಸನೆ ಉಳಿಯುತ್ತಿತ್ತು. ನೀರಿನ ಆಚೆ ದಡಕ್ಕೆ ಕೇಳಲಿ ಎಂದು ಬೆಳೆಸಿಕೊಂಡ ದನಿ. ಅದನ್ನು ಮನೆಗೆ ಬಂದಮೇಲೆ ತಗ್ಗಿಸಬೇಕೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಏನನ್ನಾದರೂ ತೋರಿಸಬೇಕಾದರೆ ಬೆರಳು ಎತ್ತುತ್ತಿರಲಿಲ್ಲ, ತುಟಿಯನ್ನು ಮುಂದೆ ಚಾಚಿ ಆ ಕಡೆಗೆ ತಿರುಗಿಸುತ್ತಿದ್ದಳು. ಮೊದಲ ವಾರ ನಮ್ಮ ಬಾಗಿಲ ಮುಂದೆ ಬಿದ್ದಿದ್ದ ಚಪ್ಪಲಿ ಯಾರದೆಂದು ನಾನು ಕೇಳಿದಾಗ ತುಟಿ ಚಾಚಿದಳು. ನನ್ನನ್ನು ಅಣಕಿಸಿದಳೆಂದು ತಿಳಿದು ಬಾಗಿಲು ಹಾಕಿಕೊಂಡೆ. ಅದು ಆಕೆಯ ಊರಿನವರು ದಿಕ್ಕು ತೋರಿಸುವ ರೀತಿ ಎಂದು ಗೊತ್ತಾಗುವಷ್ಟರಲ್ಲಿ ನಮ್ಮ ಜಗಳಕ್ಕೆ ಬೇರೆ ಕಾರಣಗಳು ಸಿಕ್ಕಿದ್ದವು.

ಈಜಿನ ಒದ್ದೆ ಟವೆಲುಗಳನ್ನು ಆಕೆ ಕಾರಿಡಾರಿನ ಕಂಬಿಯ ಮೇಲೆ ಹರವುತ್ತಿದ್ದಳು. ನೀರು ಹರಿದು ನಮ್ಮ ಕಾಲೊರಸಿಗೆ ಬರುತ್ತಿತ್ತು. ನಾನು ವಾಚ್‌ಮನ್ನನಿಗೆ ದೂರಿದೆ. ನಾವು ಬಂಗುಡೆ ಹುರಿದ ದಿನ ಆಕೆ ಅವನಿಗೇ ದೂರಿದಳು. ಆ ಬಾಂಗ್ಲಾದೇಶಿ ಮುದುಕ ಮೆಟ್ಟಿಲ ಬಳಿ ನಿಂತು, "ಮ್ಯಾಡಮ್, ಉಧರ್ ಪಾನಿ, ಇಧರ್ ಮಚ್ಲಿ. ಮೈ ಕ್ಯಾ ಕರೂಂ?" ಎಂದು ಕೈ ಮುಗಿದ. ಇಬ್ಬರೂ ಬಿಡಲಿಲ್ಲ. ಇಂಗ್ಲಿಷಿನ "ಯೂ"ದಲ್ಲಿ ನೀನು, ನೀವು ಎಂಬ ಭೇದವಿಲ್ಲ. ಆದರೂ ಆಕೆ ನನಗೆ ಹೇಳಿದ್ದೆಲ್ಲ "ನೀನು" ಎಂದೇ ನನ್ನ ಕಿವಿಗೆ ಬೀಳುತ್ತಿತ್ತು.

ಮರುವರ್ಷದ ಸೆಪ್ಟೆಂಬರಿನಲ್ಲಿ ಆಕೆಯ ಮಗಳು ಪಲೋಮಾ ನನ್ನ ಕೆಜಿ ಕ್ಲಾಸಿಗೇ ಬಂದಳು. ಐದು ವರ್ಷದ ಹುಡುಗಿ, ಎರಡು ಬಿಗಿ ಜಡೆ. ಮೊದಲ ದಿನ ಬಾಗಿಲಲ್ಲಿ ನನ್ನನ್ನು ಕಂಡು ಆ ತಾಯಿ ಒಂದು ಗಳಿಗೆ ಮಗುವಿನ ಕೈ ಬಿಡಲೇ ಇಲ್ಲ. ಆಮೇಲೆ ಬಿಟ್ಟು, "ನೀನಾ?" ಎಂದಷ್ಟೇ ಹೇಳಿ ಹೋದಳು.

ಪಲೋಮಾ ಕ್ಲಾಸಿನಲ್ಲಿ ತುಟಿ ಬಿಚ್ಚಲಿಲ್ಲ. ಹೆಸರು ಕರೆದರೆ ಕೈ ಎತ್ತುವಳು. ಬಣ್ಣ ತುಂಬಿಸು ಎಂದರೆ ಗೆರೆ ಮೀರದೆ ತುಂಬಿಸುವಳು. ಮಾತು ಮಾತ್ರ ಇಲ್ಲ. ಅಕ್ಟೋಬರ್ ಕಳೆಯಿತು, ನವೆಂಬರ್ ಕಳೆಯಿತು. ನನ್ನ ಬಳಿ ಒಂದು ನೋಟ್‌ಬುಕ್ ಇರುತ್ತಿತ್ತು. ಅವಳ ಮೇಜಿನ ಎದುರೇ ನಿಂತು ದಿನವೂ ಬರೆಯುತ್ತಿದ್ದೆ: "ಇಂದೂ ಇಲ್ಲ."

ಡಿಸೆಂಬರಿನ ವರದಿಯಲ್ಲಿ, "ಮನೆಯಲ್ಲಿ ಇಂಗ್ಲಿಷ್ ಮಾತ್ರ ಬಳಸಬೇಕು" ಎಂದು ಬರೆದೆ. ಆ ವಾಕ್ಯ ಅವಳೊಬ್ಬಳಿಗಾಗಿ ಹುಟ್ಟಿದ್ದಲ್ಲ. ಮಲಯಾಳಿ ಮಕ್ಕಳಿಗೆ ಬರೆದಿದ್ದೆ, ಫಿಲಿಪ್ಪೀನಿ ಮಕ್ಕಳಿಗೆ ಬರೆದಿದ್ದೆ, ನಮ್ಮ ಮಂಗಳೂರಿನ ಮಕ್ಕಳಿಗೂ ಬರೆದಿದ್ದೆ. ಎಲ್ಲ ತಂದೆತಾಯಿಯರೂ ತಲೆಯಾಡಿಸಿ ಸಹಿ ಹಾಕಿ ಹೋಗಿದ್ದರು. ಕೆಲವರು ಥ್ಯಾಂಕ್ಸ್ ಕೂಡ ಹೇಳಿದ್ದರು.

ಪೋಷಕರ ಸಭೆಯ ದಿನ ಗಂಡ ಪೆನ್ನು ತೆರೆದೇ ಕುಳಿತಿದ್ದ. ಆಕೆ ಆ ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು. ಓದಿ, ಕಾಗದದ ಮೇಲೆ ಅಂಗೈ ಊರಿದಳು.

"ಮಿಸ್, ನಾನು ನನ್ನ ಮಗಳ ಹತ್ತಿರ ಇಂಗ್ಲಿಷ್ ಮಾತಾಡಬೇಕಾ?"

"ಹೌದು. ಅವಳ ಒಳ್ಳೆಯದಕ್ಕೇ ಹೇಳುತ್ತಿರುವುದು."

"ಯಾವ ಇಂಗ್ಲಿಷ್? ನನ್ನ ಇಂಗ್ಲಿಷ್ ಹೇಳ್ತೇನೆ, ಕೇಳು. ಕೈ ಮುಂದೆ. ಕಾಲು ಬಡಿ. ಉಸಿರು ಬಿಡು. ಓಡಬೇಡ, ಜಾರ್ತದೆ. ಮುಗೀತು." ಅಕ್ಕಪಕ್ಕದ ಮೇಜಿನವರು ತಿರುಗಿ ನೋಡುತ್ತಿದ್ದರು. "ಇಷ್ಟರಲ್ಲಿ ನಾನು ಅವಳಿಗೆ ಅಮ್ಮ ಆಗಬೇಕಾ?"

ನಮ್ಮ ವಿಭಾಗದ ಹೆಡ್ ಎದ್ದುಬಂದು, ಇದು ಶಾಲೆಯ ನಿಯಮ, ಸಹಕರಿಸದಿದ್ದರೆ ಮಗು ಇದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಬೇಕಾಗಬಹುದು ಎಂದು ಮೆಲುದನಿಯಲ್ಲಿ ಹೇಳಿದರು. ಗಂಡ ಹೆಂಡತಿಯ ಕೈಯನ್ನು ಮೆಲ್ಲಗೆ ಸರಿಸಿ ಸಹಿ ಹಾಕಿದ. ಆಕೆ ಹಾಕಲಿಲ್ಲ. ತಾಯಿ ಸಹಿ ಹಾಕುವ ಜಾಗ ಕೊನೆಯವರೆಗೂ ಖಾಲಿಯೇ ಉಳಿಯಿತು.

ಜನವರಿಯಲ್ಲಿ ನನ್ನ ಅಮ್ಮ ಒಂದು ತಿಂಗಳಿಗೆಂದು ಬಹರೈನಿಗೆ ಬಂದಿದ್ದರು. ಒಂದು ಸಂಜೆ ಅಮ್ಮ, ನಾನು, ಶ್ರಾವ್ಯಾ ಕೆಳಗಿನ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಯಿಂದ ಹಾಲು, ಮೊಸರು ತೆಗೆದುಕೊಂಡು ಲಿಫ್ಟು ಹತ್ತಿದೆವು. ಬಾಗಿಲು ಮುಚ್ಚುವಷ್ಟರಲ್ಲಿ ಈಕೆ ನುಗ್ಗಿದಳು. ಅಮ್ಮ ಮೊಮ್ಮಗಳ ತಲೆ ಸವರಿ, "ಬಡವಾಪುಂಡಾ ಮಗಾ?" ಎಂದರು. ಹಸಿವಾಗುತ್ತಿದೆಯಾ ಎಂದು.

ಶ್ರಾವ್ಯಾ ನನ್ನ ಮುಖ ನೋಡಿದಳು. "ವಾಟ್ ಈಸ್ ಶೀ ಸೇಯಿಂಗ್, ಮಮ್ಮಾ?"

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅದನ್ನು ನಾನು ಅಮ್ಮನಿಗೆ ತುಳುವಿನಲ್ಲಿ ಹೇಳಿದೆ. ಮೂರು ಮಹಡಿ ಮುಗಿಯಿತು. ಈಕೆ ಹೊರಗಿಳಿದು, ತಿರುಗಿ ನಿಂತು, ಮೊದಲು ಅಮ್ಮನನ್ನು, ಆಮೇಲೆ ಶ್ರಾವ್ಯಾಳನ್ನು, ಕೊನೆಗೆ ನನ್ನನ್ನು ನೋಡಿ ಹೇಳಿದಳು:

"ಮಿಸ್, ನೀನು ನನಗೆ ಬರೆದುಕೊಟ್ಟದ್ದು ಇದನ್ನೇ."

"ಎಂತ ಹೇಳಿದ್ದು ಅವಳು?" ಎಂದು ಅಮ್ಮ ಕೇಳಿದರು.

"ಎಂತ ಇಲ್ಲಮ್ಮ. ಬಟ್ಟೆ ಒಣಗಿಸುವ ವಿಷಯ" ಎಂದೆ. ಅಂದು ನಾನು ಮಾಡಿದ ಅಡುಗೆಗೆ ಉಪ್ಪು ಹಾಕಿದ್ದು ಎರಡು ಸಲವೋ ಮೂರು ಸಲವೋ, ಯಾರಿಗೂ ಉಣ್ಣಲಾಗಲಿಲ್ಲ.

ಇಷ್ಟು ಓದಿದವರಿಗೆ ಆಕೆ ದೊಡ್ಡ ತಾಯಿ, ನಾನು ಕೆಟ್ಟ ಟೀಚರ್ ಎನಿಸಬಹುದು. ನಾನು ಕೆಟ್ಟದ್ದು ಮಾಡಿದ್ದು ನಿಜ, ಅದನ್ನು ಹೇಳುತ್ತೇನೆ. ಆದರೆ ಆಕೆಯನ್ನು ದೊಡ್ಡವಳು ಮಾಡಲು ನಾನು ತಯಾರಿಲ್ಲ. ಪ್ರತಿ ಶನಿವಾರ ಮಗುವನ್ನು ಫೋನಿನ ಮುಂದೆ ಕೂರಿಸಿ ಊರಿನ ಅಜ್ಜಿಯ ಜೊತೆ ಮಾತಾಡಿಸುತ್ತಿದ್ದಳು. ಮಗು ಒಂದು ಶಬ್ದ ತಪ್ಪಿದರೆ ಅಜ್ಜಿಯ ಎದುರೇ ನಿಲ್ಲಿಸಿ, ಸರಿಯಾಗುವವರೆಗೆ ಮೂರು ಸಲ, ನಾಲ್ಕು ಸಲ ಹೇಳಿಸುವಳು. ಅಜ್ಜಿ ಆ ಕಡೆಯಿಂದ "ಬಿಡು, ಬಿಡು" ಎನ್ನುವ ದನಿಯಲ್ಲಿ ಏನೋ ಹೇಳುವಳು. ಮಗು ಬಿಕ್ಕುವುದು ನಮ್ಮ ಮನೆಗೆ ಕೇಳುತ್ತಿತ್ತು. ಬೇಸಿಗೆಯಲ್ಲಿ ಮೆಟ್ಟಿಲ ಮೇಲೆ ಕೂರಿಸಿ, ಬೆವರು ಇಳಿಯುವಂತೆ, ಸ್ಪ್ಯಾನಿಷ್ ಪುಸ್ತಕ ಗಟ್ಟಿಯಾಗಿ ಓದಿಸುವಳು. ಕರುಣೆ ಎಂಬುದು ಆಕೆಯಲ್ಲಿ ಇದ್ದರೆ ನನ್ನ ಕಣ್ಣಿಗಂತೂ ಬೀಳಲಿಲ್ಲ.

ಸಹಿ ಹಾಕಿ ಬಂದ ಗಂಡ ಮನೆಯಲ್ಲಿ ಇಂಗ್ಲಿಷ್ ಶುರು ಮಾಡಿದ. ಕ್ಲಾಸಿನಲ್ಲಿ ನಾನು ಇನ್ನೊಂದು ಉಪಾಯ ಹೂಡಿದ್ದೆ: ಮನೆಯಲ್ಲಿ ಇಂಗ್ಲಿಷ್ ಮಾತಾಡಿ ಬಂದವರಿಗೆ ಹೊಳೆಯುವ ನಕ್ಷತ್ರದ ಸ್ಟಿಕ್ಕರ್. ಪಲೋಮಾಳಿಗೆ ನಕ್ಷತ್ರ ಬೇಕಿತ್ತು. ಅವಳು ತಾಯಿಯೊಡನೆ ಇಂಗ್ಲಿಷ್ ಆಡತೊಡಗಿದಳು. ತಾಯಿ ಒಂದು ನಿಯಮ ಮಾಡಿದಳು. ಇಂಗ್ಲಿಷಿನಲ್ಲಿ ಕೇಳಿದರೆ ತಾನು ಉತ್ತರ ಕೊಡುವುದಿಲ್ಲ.

ಏಪ್ರಿಲಿನ ಒಂದು ಸಂಜೆ ಕಟ್ಟಡದ ಕರೆಂಟು ಹೋಗಿತ್ತು. ಗಾಳಿಗೆಂದು ಎರಡೂ ಮನೆಗಳ ಬಾಗಿಲು ತೆರೆದಿದ್ದವು. ಶಾಲೆಯಿಂದ ಬಂದ ಮಗು ಚೀಲವನ್ನೂ ಇಳಿಸದೆ ಹೊಸ್ತಿಲಲ್ಲಿ ನಿಂತು, "ಮಾಮಾ, ವಾಟರ್ ಪ್ಲೀಸ್" ಎಂದಿತು. ಮಾಮಾ ಎಂದರೆ ಅವರಲ್ಲಿ ಅಮ್ಮ; ಉಳಿದದ್ದು ನಾನು ಕಲಿಸಿದ ವಾಕ್ಯ. ಆಕೆ ನೆಲ ಒರೆಸುತ್ತ, "ಕೆ?" ಎಂದಳು. ಏನು ಎಂದು. ಮಗು ಮತ್ತೆ, "ವಾಟರ್ ಪ್ಲೀಸ್." ಆಕೆ ಮತ್ತೆ, "ಕೆ?" ಹೀಗೆ ಏಳೆಂಟು ಸಲ ನಡೆಯಿತು. ಮಗುವಿನ ದನಿ ಏರಿತು, ಕಣ್ಣಲ್ಲಿ ನೀರು ಬಂತು. ತಾಯಿ ತಲೆ ಎತ್ತಲಿಲ್ಲ.

ನನಗೆ ತಡೆಯಲಾಗಲಿಲ್ಲ. ಲೋಟದಲ್ಲಿ ನೀರು ತುಂಬಿಸಿಕೊಂಡು ಹೋಗಿ ಮಗುವಿಗೆ ಚಾಚಿದೆ. ಅದು ತಾಯಿಯನ್ನು ನೋಡಿತು, ನನ್ನನ್ನು ನೋಡಿತು, ಕೈ ಚಾಚಲಿಲ್ಲ. ಆಕೆ ಎದ್ದು ಬಂದು ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು, ಬಾಗಿಲ ಬಳಿಯ ಕುಂಡದಲ್ಲಿದ್ದ ಲೋಳೆಸರದ ಬುಡಕ್ಕೆ ಸುರಿದು, ಖಾಲಿ ಲೋಟ ವಾಪಸು ಕೊಟ್ಟಳು. "ಗ್ರಾಸಿಯಾಸ್, ಮಿಸ್." ಥ್ಯಾಂಕ್ಸ್ ಎಂದು. ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಗ್ಗೆ ಹೆಡ್ ಕೋಣೆಗೆ ಹೋಗಿ, ಆ ತಾಯಿ ಮಗುವಿಗೆ ಕುಡಿಯಲು ನೀರು ಕೊಡುವುದಿಲ್ಲ ಎಂದು ಹೇಳಿದೆ. ಅವರು ಬರೆದುಕೊಡಿ ಎಂದರು. ಬರೆದುಕೊಟ್ಟೆ. ಆ ಮಗುವಿನ ಬೆನ್ನ ಚೀಲದ ಪಕ್ಕದ ಜೇಬಿನಲ್ಲಿ ಅರ್ಧ ತುಂಬಿದ ನೀರಿನ ಬಾಟಲಿ ಇತ್ತು. ನಾನು ಲೋಟ ಚಾಚಿದಾಗ ನನ್ನ ಮೊಣಕೈಗೆ ತಾಗಿತ್ತು ಅದು. ಅದನ್ನು ಬರೆಯಲಿಲ್ಲ. ಮರೆತು ಬಿಟ್ಟದ್ದಲ್ಲ.

ಶಾಲೆಯಿಂದ ಗಂಡನಿಗೆ ಪತ್ರ ಹೋಯಿತು. ಮಗುವಿನ ಆರೈಕೆಯ ಬಗ್ಗೆ ಶಾಲೆಗೆ ಆತಂಕವಿದೆ, ಮರುಕಳಿಸಿದರೆ ಸಂಬಂಧಪಟ್ಟವರಿಗೆ ತಿಳಿಸಲಾಗುವುದು ಎಂದು. ಇಲ್ಲಿ ಬೇರೆ ದೇಶದ ಮನುಷ್ಯನಿಗೆ ಅಂಥ ಒಂದು ಸಾಲು ಸಾಕು. ವೀಸಾ ಗಂಡನ ಕೆಲಸದ ಮೇಲೆ, ಹೆಂಡತಿ ಮಗಳು ಗಂಡನ ವೀಸಾದ ಮೇಲೆ. ಯಾವ ಕಾಗದ ಯಾವ ಆಫೀಸಿಗೆ ಹೋಗಿ ಏನಾಗುತ್ತದೋ ಎಂದು ಆತ ಹೆದರಿದ. ಆ ಸಂಜೆ ಎದುರು ಮನೆಯಲ್ಲಿ ಎದ್ದ ಜಗಳ ಇಡೀ ಮಹಡಿಗೆ ಕೇಳಿತು. ಆಮೇಲೆ ಏನೂ ಕೇಳಲಿಲ್ಲ.

ನಿಜವಾಗಿಯೂ ಏನೂ ಕೇಳಲಿಲ್ಲ. ಗಂಡ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೂಡದೆಂದನಂತೆ. ಹಾಡುತ್ತ ಪಾತ್ರೆ ತೊಳೆಯುತ್ತಿದ್ದ ಆ ಹೆಂಗಸು ಬಾಯಿ ಮುಚ್ಚಿದಳು. ಶನಿವಾರದ ಅಜ್ಜಿಯ ಫೋನೂ ನಿಂತಿತು. ಎದುರು ಮನೆ ಸದ್ದಿಲ್ಲದೆ ಇರಲಿ ಎಂದು ಎರಡು ವರ್ಷ ಹಾರೈಸಿದ್ದವಳು ನಾನು. ಈಗ ಅಡುಗೆಮನೆಯಲ್ಲಿ ನಿಂತು ಆ ಕಡೆ ಕಿವಿಗೊಡುತ್ತಿದ್ದೆ. ಮೇ ತಿಂಗಳಲ್ಲಿ ಪಲೋಮಾ ಕ್ಲಾಸಿನಲ್ಲಿ ಎರಡು ಸಲ ಬಟ್ಟೆ ಒದ್ದೆ ಮಾಡಿಕೊಂಡಳು. ಬಾತ್‌ರೂಮಿಗೆ ಹೋಗಬೇಕೆಂದು ಹೇಳಲು ಅವಳ ಬಳಿ ಈಗ ಯಾವ ಭಾಷೆಯೂ ಇರಲಿಲ್ಲ. ನಾನು ಬಟ್ಟೆ ಬದಲಿಸುವಾಗ ಗೋಡೆ ನೋಡುತ್ತ ನಿಂತಿದ್ದಳು.

"ಆ ಮಗು ಯಾಕೆ ಹೀಗೆ ಒಣಗಿದೆ?" ಎಂದು ನನ್ನ ಗಂಡ ಕೇಳಿದರು. ಬೆಳಗ್ಗೆ ಲಿಫ್ಟಿನಲ್ಲಿ ನೋಡಿದ್ದರಂತೆ.

"ನನಗೆ ಎಂತ ಗೊತ್ತುಂಟು?" ಎಂದೆ.

ಜೂನಿನ ಮೊದಲ ಶುಕ್ರವಾರ, ಇಲ್ಲಿನ ವಾರದ ರಜೆಯ ದಿನ, ಶ್ರಾವ್ಯಾಳ ಗೆಳತಿಯೊಬ್ಬಳ ಹುಟ್ಟುಹಬ್ಬದ ಪಾರ್ಟಿ ಅದ್ಲಿಯಾದ ಒಂದು ವಿಲ್ಲಾದಲ್ಲಿತ್ತು. ಹಿತ್ತಲಿಗೆ ಹೋದರೆ ಕೊಳ. ಕೊಳದ ನಡುವೆ ಸೊಂಟದವರೆಗಿನ ನೀರಿನಲ್ಲಿ ಆಕೆ. ಕೆಲಸ ಮಾಡುವುದು ಅಲ್ಲಿಯೇ ಎಂದು ನನಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಹೋಗುತ್ತಿರಲಿಲ್ಲ. ಅರಬ್ ಮಕ್ಕಳು, ಗೋವಾದ ಮಕ್ಕಳು, ಒಂದಿಬ್ಬರು ಇಂಗ್ಲಿಷ್ ಮಕ್ಕಳು ದಡ ಹಿಡಿದು ಕಾಲು ಬಡಿಯುತ್ತಿದ್ದರು. ಆಕೆ ಕೂಗುತ್ತಿದ್ದದ್ದು ಸ್ಪ್ಯಾನಿಷಿನಲ್ಲಿ. ಪೂರಾ ಸ್ಪ್ಯಾನಿಷ್. ಮನೆಯಲ್ಲಿ ಕಟ್ಟಿಹಾಕಿದ್ದನ್ನೆಲ್ಲ ಅಲ್ಲಿ ಬಿಚ್ಚಿದ್ದಳು.

ದಡದ ಮೇಲೆ, ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು ಪಲೋಮಾ. ತಾಯಿ ಒಂದು ವಾಕ್ಯ ಕೂಗಿದ ಕೂಡಲೇ ಅದನ್ನು ಇಂಗ್ಲಿಷಿಗೆ ತಿರುಗಿಸಿ, ತಾಯಿಯದೇ ದನಿಯಲ್ಲಿ ಕೂಗುತ್ತಿದ್ದಳು.

"ಅಮ್ಮ ಹೇಳ್ತಿದ್ದಾರೆ, ಇದು ಸೂಪ್ ಅಲ್ಲ, ಬಾಯಿ ಮುಚ್ಚಿ!"

ಮಕ್ಕಳು ಬಿದ್ದು ಬಿದ್ದು ನಕ್ಕರು. ಒಬ್ಬಳು ಅರಬ್ ಹುಡುಗಿ, ಮೂಗಿಗೆ ನೀರು ಹೋದರೆ ಏನು ಮಾಡುವುದು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಪಲೋಮಾ ಅದನ್ನು ತಾಯಿಗೆ ದಾಟಿಸಿದಳು, ಉತ್ತರ ತಂದಳು. ಅಷ್ಟಕ್ಕೇ ಬಿಡದೆ ತನ್ನದೂ ಸೇರಿಸಿದಳು: "ಮೊದಲು ಉರೀತದೆ, ಆಮೇಲೆ ಅಭ್ಯಾಸ ಆಗ್ತದೆ. ಯಲ್ಲಾ, ನಡೀರಿ, ನೆಕ್ಸ್ಟ್!" ನಾನು ಒಂಬತ್ತು ತಿಂಗಳು "ಇಂದೂ ಇಲ್ಲ" ಎಂದು ಬರೆದಿದ್ದ ಹುಡುಗಿ.

ಆಟ ಮುಗಿದು ಅವಳು ಕೇಕ್ ತಿನ್ನುತ್ತಿದ್ದಾಗ ಪಕ್ಕದಲ್ಲಿ ಕುಳಿತೆ. "ಪಲೋಮಾ, ಇಷ್ಟು ಚೆನ್ನಾಗಿ ಮಾತಾಡ್ತೀ. ಕ್ಲಾಸಿನಲ್ಲಿ ಯಾಕೆ ಮಾತಾಡುವುದಿಲ್ಲ?"

ಅವಳು ಬೆರಳಿಗಂಟಿದ ಕ್ರೀಮ್ ನೆಕ್ಕಿ, "ನೀವು ಬರೆದುಕೊಳ್ತೀರಿ, ಮಿಸ್" ಎಂದಳು.

ಹಿಂದಿನಿಂದ ಕ್ಲೋರಿನ್ ವಾಸನೆ ಬಂತು. ಟವೆಲ್ ಸುತ್ತಿಕೊಂಡ ತಾಯಿ ಮಗಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು. "ಪಾರ್ಟಿಯಲ್ಲೂ ಪರೀಕ್ಷೆಯಾ, ಮಿಸ್? ಖಲಾಸ್. ಇವತ್ತು ಶುಕ್ರವಾರ."

ಭಾನುವಾರ, ಇಲ್ಲಿ ವಾರದ ಮೊದಲ ಕೆಲಸದ ದಿನ, ಶಾಲೆಗೆ ಹೋದವಳೇ ಹೆಡ್ ಕೋಣೆಯ ಬಾಗಿಲು ತಟ್ಟಿದೆ. ಮಗುವಿಗೆ ಮಾತು ಬರುತ್ತದೆ, ಎರಡು ಭಾಷೆಯಲ್ಲಿ ಬರುತ್ತದೆ, ನನ್ನ ವರದಿ ತಪ್ಪು ಎಂದೆ. ಬಾಟಲಿಯ ವಿಷಯವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಂದರೆ ನೀವು ಬರೆದುಕೊಟ್ಟದ್ದು ಸುಳ್ಳಾ?"

"ಪೂರ್ತಿ ಹೇಳಲಿಲ್ಲ."

"ಪತ್ರ ಹೋಗಿ ಎರಡು ತಿಂಗಳಾಯಿತು. ಈಗ ಅದನ್ನು ವಾಪಸು ತೆಗೆದುಕೊಂಡರೆ ಶಾಲೆಯ ಗತಿ ಏನು? ನಿಮ್ಮ ಗತಿ ಏನು?"

ಮಗುವನ್ನು ಒಂದನೇ ಕ್ಲಾಸಿಗೆ ಹಾಕುವುದಾಗಿ ಒಪ್ಪಿದರು. ಪತ್ರ ಕಡತದಲ್ಲೇ ಉಳಿಯಿತು. ಕೆಲಸ ಹೋಗುವಷ್ಟು ನಾನೂ ಒತ್ತಾಯಿಸಲಿಲ್ಲ.

ಮನೆಯಲ್ಲಿ ನನ್ನ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು, "ಹೋಗಿ ಹೇಳು ಮಾರಾಯ್ತಿ. ನಾಲ್ಕು ಹೆಜ್ಜೆ ಅಲ್ವಾ?" ಎಂದರು.

"ಅವಳು ಎಂತ ಹೇಳ್ತಾಳೆ ಗೊತ್ತುಂಟಾ ನಿಮಗೆ?"

"ಹೇಳ್ಲಿ. ಹೇಳುವಂಥದ್ದೇ ಮಾಡಿದ್ದಲ್ವಾ ನೀನು?"

ಹೋಗಲಿಲ್ಲ. ಇಂದು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎಂದುಕೊಂಡು ಮೂರು ವರ್ಷ ಕಳೆದವು. ಆಕೆ ಲಿಫ್ಟಿನಲ್ಲಿ ನನ್ನನ್ನು ಕಂಡರೆ ಇಳಿದು ಮೆಟ್ಟಿಲು ಹತ್ತುತ್ತಿದ್ದಳು. ಮೂರು ಮಹಡಿ, ಕೈಯಲ್ಲಿ ಸಾಮಾನಿನ ಚೀಲ ಇದ್ದಾಗಲೂ.

ಎದುರು ಮನೆಗೆ ಸ್ಪ್ಯಾನಿಷ್ ಮರಳಿ ಬಂದದ್ದು ನನ್ನಿಂದಲ್ಲ. ಆ ಬೇಸಿಗೆಯಲ್ಲಿ ಒಂದು ದಿನ ಗಂಡ ಮಗಳನ್ನು ಇಂಗ್ಲಿಷಿನಲ್ಲಿ ಬೈಯತೊಡಗಿದ. ಏನೋ ಒಡೆದಿದ್ದಳು. ಅರ್ಧ ವಾಕ್ಯ ಹೇಳಿದ, ಮುಂದಿನ ಶಬ್ದ ಸಿಗಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದ, ಮತ್ತೆ ಅಲ್ಲೇ ನಿಂತ. ಆಮೇಲೆ ಒಮ್ಮೆಲೇ ಸ್ಪ್ಯಾನಿಷಿನಲ್ಲಿ ಸುರಿದ. ಅರ್ಧ ನಿಮಿಷ ಎಡೆಬಿಡದೆ. ಅದು ಮುಗಿದ ಮೇಲೆ ಮೊದಲು ಮಗು ನಕ್ಕಿತು, ಆಮೇಲೆ ಆತ, ಕೊನೆಗೆ ಆಕೆ. ಆ ನಗು ಕೇಳಿ ನಾನು ನಮ್ಮ ಬಾಗಿಲಿನ ಒಳಗೆ ಕಳ್ಳಿಯ ಹಾಗೆ ನಿಂತಿದ್ದೆ. ಅಂದಿನಿಂದ ಮತ್ತೆ ಹಾಡು, ಮತ್ತೆ ಶನಿವಾರದ ತಿದ್ದುಪಡಿ, ಮತ್ತೆ ಅಳು. ಮಗು ಆಗ ಅಜ್ಜಿಗೆ ಇಂಗ್ಲಿಷ್ ಶಬ್ದ ಕಲಿಸುತ್ತಿದ್ದದ್ದೂ ಕೇಳಿಸುತ್ತಿತ್ತು. ಅಜ್ಜಿ ತಪ್ಪಿದರೆ ಮೂರು ಸಲ ಹೇಳಿಸುತ್ತಿದ್ದಳು.

ನನ್ನ ಕ್ಲಾಸಿನಲ್ಲಿ ನಕ್ಷತ್ರಗಳು ನಿಂತವು. ವರದಿಯಲ್ಲಿ ಆ ವಾಕ್ಯ ಬರೆಯುವುದನ್ನು ಬಿಟ್ಟೆ. ಹೆಡ್ ಕೇಳಿದಾಗ, ಮರೆತೆ ಎಂದೆ. ಪ್ರತಿ ವರ್ಷ ಮರೆತೆ. ಶ್ರಾವ್ಯಾಳಿಗೆ ತುಳು ಕಲಿಸಲು ಹೊರಟೆ. ಹದಿಮೂರರ ಹುಡುಗಿ, "ನೌ ಯೂ ರಿಮೆಂಬರ್ಡ್?" ಎಂದು ಕೇಳಿದಳು.

ಅವರು ಹೊರಟದ್ದು ಒಂದು ಜುಲೈ ಮಧ್ಯಾಹ್ನ. ಗಂಡನ ಕೆಲಸದ ಅವಧಿ ಮುಗಿದಿತ್ತು, ಕಂಪನಿ ಮುಂದುವರಿಸಲಿಲ್ಲ. ಎರಡು ದಿನದಿಂದ ಕಾರಿಡಾರಿನಲ್ಲಿ ರಟ್ಟಿನ ಪೆಟ್ಟಿಗೆಗಳು. ಗಂಡ ಸೂಟ್‌ಕೇಸುಗಳೊಂದಿಗೆ ಕೆಳಗಿಳಿದ ಸದ್ದಾಯಿತು. ಆಮೇಲೆ ನಮ್ಮ ಬೆಲ್ ಹೊಡೆಯಿತು.

ಬಾಗಿಲು ತೆರೆದರೆ ತಾಯಿ, ಮಗಳು. ಪಲೋಮಾಳಿಗೆ ಆಗ ಎಂಟು ವರ್ಷ. ತಾಯಿಯ ಭುಜದವರೆಗೆ ಬೆಳೆದಿದ್ದಳು. ಆಕೆಯ ಕೂದಲು ಆ ದಿನ ಒಣಗಿತ್ತು. ನನಗೆ ಗುರುತೇ ಸಿಗದ ಹಾಗೆ ಬಾಚಿ ಕಟ್ಟಿದ್ದಳು.

"ಒಳಗೆ ಬನ್ನಿ" ಎಂದೆ. ಬರಲಿಲ್ಲ.

ಆಕೆ ನನ್ನ ಕಣ್ಣಿನಲ್ಲೇ ಕಣ್ಣಿಟ್ಟು ಸ್ಪ್ಯಾನಿಷಿನಲ್ಲಿ ಮಾತಾಡಿದಳು. ಕೂಗಲಿಲ್ಲ. ಅಷ್ಟು ತಗ್ಗಿದ ದನಿಯನ್ನು ಆಕೆಯಿಂದ ನಾನು ಅದುವರೆಗೆ ಕೇಳಿರಲಿಲ್ಲ. ಐದಾರು ವಾಕ್ಯ. ನಿಲ್ಲಿಸಿ, ಮಗಳ ಕಡೆ ತುಟಿ ತೋರಿಸಿದಳು.

ಪಲೋಮಾ ತಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಅಮ್ಮ ಥ್ಯಾಂಕ್ಸ್ ಹೇಳ್ತಿದ್ದಾರೆ, ಮಿಸ್. ನಾವು ಊರಿಗೆ ಹೋಗ್ತಿದ್ದೇವೆ ಅಂತ" ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಅದು ಅಲ್ಲ ಎಂದು ತಿಳಿಯಲು ನನಗೆ ಸ್ಪ್ಯಾನಿಷ್ ಬೇಕಿರಲಿಲ್ಲ. ತಾಯಿಗೂ ಅಷ್ಟು ಇಂಗ್ಲಿಷ್ ಬರುತ್ತಿತ್ತು.

"ನೋ" ಎಂದಳು ಆಕೆ ಮಗಳಿಗೆ. ಬೈದದ್ದಲ್ಲ. ಬಗ್ಗಿ, ಮಗಳ ಮುಖದ ಮಟ್ಟಕ್ಕೆ ಬಂದು ಏನೋ ಹೇಳಿದಳು. ಹೇಳಿದ್ದನ್ನೇ ಹೇಳಬೇಕು, ನಿನ್ನದನ್ನು ಸೇರಿಸಬಾರದು ಎಂದಿರಬೇಕು. ಪಲೋಮಾಳ ಕಿವಿ ಕೆಂಪಾಯಿತು. ಒಮ್ಮೆ ಉಸಿರು ಎಳೆದುಕೊಂಡು, ನನ್ನ ಎದೆಯ ಬಳಿ ಎಲ್ಲೋ ನೋಡುತ್ತ ಹೇಳಿದಳು:

"ಅಮ್ಮ ಹೇಳ್ತಿದ್ದಾರೆ, ನನ್ನ ಮಗಳಿಗೆ ನಾನು ನೀರು ಕೊಡುವುದಿಲ್ಲ ಎಂದು ನೀವು ಬರೆದುಕೊಟ್ಟಿರಿ. ಅದನ್ನು ನನ್ನ ಗಂಡ ಓದಿದ. ಎರಡು ತಿಂಗಳು ಅವನೂ ಅದನ್ನು ನಂಬಿದ. ನಾನು ನಿಮ್ಮನ್ನು ಕ್ಷಮಿಸಿಲ್ಲ. ಊರಿಗೆ ಹೋದ ಮೇಲೂ ಕ್ಷಮಿಸುವುದಿಲ್ಲ. ಇದನ್ನು ಹೇಳದೆ ವಿಮಾನ ಹತ್ತಲು ನನಗೆ ಇಷ್ಟವಿರಲಿಲ್ಲ."

ಹೇಳಿ ಮುಗಿಸಿ ಅವಳು ತುಟಿ ಕಚ್ಚಿ ನಿಂತಳು. ನನ್ನ ಹಿಂದೆ, ಊಟದ ಮೇಜಿನ ಬಳಿ, ಶ್ರಾವ್ಯಾ ಎದ್ದು ನಿಂತ ಸದ್ದು ಕೇಳಿತು.

"ಪಲೋಮಾ," ಎಂದೆ ನಾನು, "ಅಮ್ಮನಿಗೆ ಹೇಳು. ಅವರು ಹೇಳಿದ್ದು ನಿಜ. ಆ ದಿನ ನಿನ್ನ ಚೀಲದಲ್ಲಿ ನೀರಿನ ಬಾಟಲಿ ಇದ್ದದ್ದನ್ನು ನಾನು ನೋಡಿದ್ದೆ. ನೋಡಿಯೂ ಬರೆಯಲಿಲ್ಲ. ಮೂರು ವರ್ಷದಿಂದ ಇದನ್ನು ಹೇಳಲು ನನಗೆ ಧೈರ್ಯ ಬರಲಿಲ್ಲ."

ಆಕೆಗೆ ಅರ್ಥವಾಗಿತ್ತು, ಮುಖದಲ್ಲೇ ಗೊತ್ತಾಗುತ್ತಿತ್ತು. ಆದರೂ ಮಗಳ ಕಡೆ ತಿರುಗಿ, ಅದೆಲ್ಲವನ್ನೂ ಸ್ಪ್ಯಾನಿಷಿನಲ್ಲಿ ಮೊದಲಿನಿಂದ ಕೊನೆಯವರೆಗೆ ಕೇಳಿಸಿಕೊಂಡಳು. ಮಗಳು ಒಂದೊಂದು ಶಬ್ದ ಆಡುವಾಗಲೂ ತಾಯಿಯ ತುಟಿ ಸದ್ದಿಲ್ಲದೆ ಜೊತೆಗೆ ಅಲುಗುತ್ತಿತ್ತು. ನಮ್ಮ ಮಕ್ಕಳು ವೇದಿಕೆಯ ಮೇಲೆ ಪದ್ಯ ಹೇಳುವಾಗ ಪರದೆಯ ಮರೆಯಲ್ಲಿ ನನ್ನ ತುಟಿಯೂ ಹೀಗೇ ಅಲುಗುತ್ತದೆ.

ಮಗಳು ನಿಲ್ಲಿಸಿದಳು. ಆಕೆ ತಲೆಯಾಡಿಸಿದಳು. ಒಪ್ಪಿದೆ ಎಂದಲ್ಲ, ಕೇಳಿದೆ ಎಂದು. ಕೆಳಗಿನಿಂದ ಗಂಡ ಕೂಗಿದ. ಟ್ಯಾಕ್ಸಿ ಬಂದಿರಬೇಕು. ಆಕೆ ಲಿಫ್ಟಿನ ಗುಂಡಿ ಒತ್ತಿದಳು. ಲಿಫ್ಟು ಬಂತು, ಬಾಗಿಲು ತೆರೆಯಿತು. ಮಗಳನ್ನು ಒಳಗೆ ಬಿಟ್ಟು, ಬಾಗಿಲಿಗೆ ಕೈ ಅಡ್ಡ ಇಟ್ಟು, ನನ್ನ ಕಡೆ ತಿರುಗಿದಳು. ಈ ಸಲ ಇಂಗ್ಲಿಷಿನಲ್ಲೇ.

"ಮಿಸ್. ಇವಳ ಇಂಗ್ಲಿಷ್ ಸರಿ ಇತ್ತಾ?"

"ಸರಿ ಇತ್ತು."

"ತಪ್ಪು?"

"ಒಂದೂ ಇರಲಿಲ್ಲ."

ಆಕೆ ಬಾಗಿಲಿನಿಂದ ಕೈ ತೆಗೆದಳು. ಲಿಫ್ಟು ಇಳಿಯಿತು.